ಹಿಂದೆ ಸರಿಯಲು ಜಾಗವಿಲ್ಲದ ಕಡೆ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಆನವಟ್ಟಿಗೆ ಹೊಂದಿಕೊಂಡಂತಿರುವ ಊರು ಕುಬಟೂರು. ಅಲ್ಲಿನ ಕೈಟಭೇಶ್ವರ ದೇವಾಲಯದ ತೆರೆದ ಮಂಟಪಕ್ಕೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಕಂಬಗಳತ್ತ. ತಿರುಗಣೆಯಲ್ಲಿ ಕಡೆದಂತೆ ನುಣುಪಾದ, ಗಂಟೆಯಾಕಾರದ ಉಬ್ಬುಗಳುಳ್ಳ ಕಂಬಗಳು ಸಾಲು ಸಾಲಾಗಿ ನಿಂತಿವೆ. ಸುಮಾರು ಕ್ರಿ.ಶ. 1100ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಟ್ಟಿದ ಗುಡಿ ಇದು. ಮೂರು ದಿಕ್ಕಿನಿಂದಲೂ ಮಂಟಪಕ್ಕೆ ಪ್ರವೇಶವಿದೆ. ಬೆಳಕೂ ಆ ಮೂರು ಕಡೆಯಿಂದಲೇ ಬರುತ್ತದೆ.

ಕ್ಯಾಮರಾ ಹಿಡಿದು ಬಂದವರ ಕಷ್ಟ ಇಲ್ಲಿಂದಲೇ ಆರಂಭ. ಮಂಟಪದ ಇಡೀ ನೋಟ ಬೇಕೆಂದು ಒಂದು ಹೆಜ್ಜೆ ಹಿಂದಿಟ್ಟರೆ ಬೆನ್ನಿಗೆ ಕಂಬ ತಾಗುತ್ತದೆ. ಪಕ್ಕಕ್ಕೆ ಸರಿದರೆ ಎದುರಿಗೆ ಇನ್ನೊಂದು ಕಂಬ ಅಡ್ಡ. ಇನ್ನೂ ಹಿಂದೆ ಹೋದರೆ ಮಂಟಪದಿಂದ ಹೊರಗೇ ಇಳಿಯಬೇಕು. ಸಾಮಾನ್ಯ ಲೆನ್ಸಿನಲ್ಲಿ ಸಿಗುವುದು ನಾಲ್ಕು ಕಂಬ, ಅರ್ಧ ಚಾವಣಿ, ಅಷ್ಟೆ. ಕಣ್ಣು ತಲೆ ತಿರುಗಿಸಿ ತಿರುಗಿಸಿ ಕಂಡ ವಿಶಾಲತೆ ಚಿತ್ರದಲ್ಲಿ ಇರುವುದೇ ಇಲ್ಲ.

ಇದಕ್ಕೆ ಪರಿಹಾರ ವೈಡ್ ಆ್ಯಂಗಲ್ ಲೆನ್ಸ್, ಅಂದರೆ ಅಗಲ ನೋಟದ ಮಸೂರ. ಆದರೆ ಅದು ದುಬಾರಿ ಎಂಬ ಮಾತು ಹಳೆಯದು. ಮೊಬೈಲಿನಲ್ಲೇ ಅಗಲ ನೋಟ ಸಿಗುವ ಈ ದಿನಗಳಲ್ಲೂ ಫಿಲ್ಮ್ ಕ್ಯಾಮರಾಗಳ ಕಡೆಗೆ, ಅದರಲ್ಲೂ ರೇಂಜ್‌ಫೈಂಡರ್ ಎಂಬ ಪುಟ್ಟ ಕ್ಯಾಮರಾಗಳ ಕಡೆಗೆ, ಒಂದಿಷ್ಟು ಯುವಕರು ಮತ್ತೆ ಒಲಿದಿದ್ದಾರೆ. ಅವರ ಮುಂದಿರುವ ಪ್ರಶ್ನೆಯೂ ಅದೇ: ಕೈಗೆಟಕುವ ಬೆಲೆಯ ಅಗಲ ಲೆನ್ಸ್ ಯಾವುದು? ಉತ್ತರ ಅಂಗಡಿಯ ಬೆಲೆಪಟ್ಟಿಗಿಂತ ಹೆಚ್ಚಾಗಿ ಈ ಲೆನ್ಸುಗಳ ಚರಿತ್ರೆಯಲ್ಲಿದೆ. ಕುಬಟೂರಿನಂತಹ ಮಂಟಪದಲ್ಲೂ ಇದೆ.

ಮರದ ಪೆಟ್ಟಿಗೆಯ ಕಾಲ

ಈ ಸೀಮೆಯ ಕಲ್ಲುಗಳ ಮುಂದೆ ಕ್ಯಾಮರಾ ನಿಂತದ್ದು ಬಹಳ ಹಿಂದೆ. 1850ರ ದಶಕದಲ್ಲಿ ಮುಂಬಯಿ ಸರ್ಕಾರ ತನ್ನ ದಕ್ಷಿಣ ಭಾಗದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಸಲು ಮುಂದಾಯಿತು. ಮೊದಲು ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿ, ಆಮೇಲೆ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೌ ಈ ಕೆಲಸ ವಹಿಸಿಕೊಂಡರು. ಇವರಿಬ್ಬರ ಮತ್ತು ನೀಲ್ ಎಂಬುವರ ಛಾಯಾಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತ ಆ ಸಂಪುಟಕ್ಕೆ ಚಾರಿತ್ರಿಕ ವಿವರಣೆ ಬರೆದವರು ಮೆಡೋಸ್ ಟೇಲರ್, ವಾಸ್ತು ಟಿಪ್ಪಣಿ ಬರೆದವರು ಜೇಮ್ಸ್ ಫರ್ಗ್ಯುಸನ್. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಹೊರಜಗತ್ತಿಗೆ ಚಿತ್ರರೂಪದಲ್ಲಿ ಪರಿಚಯವಾದದ್ದು ಇಂತಹ ಪ್ರಯತ್ನಗಳಿಂದ.

ಅದೇ ಹೊತ್ತಿಗೆ, 1865ರಲ್ಲಿ, ಮೇಜರ್ ಡಿಕ್ಸನ್ ಮೈಸೂರು ಸಂಸ್ಥಾನದ ಶಾಸನಗಳ ಛಾಯಾಚಿತ್ರ ತೆಗೆದ. ಆ ಚಿತ್ರಗಳನ್ನು ಓದುವ ಕೆಲಸ ಬಿ.ಎಲ್. ರೈಸ್ ಅವರ ಪಾಲಿಗೆ ಬಂದು, 1879ರ ಅವರ ಶಾಸನ ಗ್ರಂಥಕ್ಕೆ ಆಧಾರವಾಯಿತು. ಮುಂದೆ ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ, ಎಂಟನೆಯದರಲ್ಲಿ (1904) ಸೊರಬದ ಶಾಸನಗಳು ಅಚ್ಚಾದವು. ಚಿತ್ರವೊಂದು ಸಂಶೋಧನೆಗೆ ದಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೆ ಆ ಕಾಲದ ಸಲಕರಣೆ ಎಂತಹದು? ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಹಿಗ್ಗಿಸುವ ಸೌಕರ್ಯ ಇರಲಿಲ್ಲ. ಹಾಗಾಗಿ ಕ್ಯಾಮರಾ ಎಂದರೆ ಮರದ ದೊಡ್ಡ ಪೆಟ್ಟಿಗೆ. ಅದನ್ನು ಹೊರಲು ಆಳು, ನಿಲ್ಲಿಸಲು ಮುಕ್ಕಾಲಿ. ಬೆಳಕಿಗೆ ಮಂದವಾಗಿ ಸ್ಪಂದಿಸುವ ರಾಸಾಯನಿಕಗಳಿಂದಾಗಿ ಬಹಳ ಹೊತ್ತು ಲೆನ್ಸ್ ತೆರೆದಿಡಬೇಕು. ಬಯಲಿನ ಬಿಸಿಲಿನಲ್ಲಿ ಇದು ಸಾಧ್ಯ. ಮಂಟಪದ ಒಳಗಿನ ಮಬ್ಬು ಬೆಳಕು ಮಾತ್ರ ದೊಡ್ಡ ತಡೆ.

ಕಟ್ಟಡಗಳ ಚಿತ್ರ ತೆಗೆಯುವವರ ಒತ್ತಾಯದಿಂದಲೇ ಅಗಲ ಲೆನ್ಸುಗಳು ಹುಟ್ಟಿದವು ಎನ್ನಬಹುದು. 1862ರಲ್ಲಿ ಅಮೆರಿಕದಲ್ಲಿ ಗೋಳಾಕಾರದ ‘ಗ್ಲೋಬ್’ ಲೆನ್ಸ್ ಬಂತು. 1866ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಮತ್ತು ಇಂಗ್ಲೆಂಡಿನ ಡಾಲ್‌ಮೆಯರ್ ಇಬ್ಬರೂ ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಲೆನ್ಸುಗಳನ್ನು ಹೊರತಂದರು. ನಡುವೆ ರಂಧ್ರ, ಅದರ ಎರಡೂ ಬದಿಗೆ ಒಂದೇ ತೆರನ ಗಾಜುಗಳು. ಒಂದು ಬದಿಯ ಗಾಜು ಗೆರೆಯನ್ನು ಒಳಕ್ಕೆ ಬಾಗಿಸಿದರೆ ಇನ್ನೊಂದು ಬದಿಯದು ಅಷ್ಟೇ ಹೊರಕ್ಕೆ ಬಾಗಿಸಿ ಸರಿಪಡಿಸುತ್ತದೆ. ತಕ್ಕಡಿಯ ಎರಡು ತಟ್ಟೆಯಂತೆ. 1900ರಲ್ಲಿ ಗೋಯರ್ಜ್ ಕಂಪನಿಯ ‘ಹೈಪರ್‌ಗಾನ್’ ಇದೇ ತತ್ವವನ್ನು ತುದಿ ಮುಟ್ಟಿಸಿತು. ಅದರ ನೋಟದ ಕೋನ 130 ಡಿಗ್ರಿಗೂ ಹೆಚ್ಚು. ಅಂಚು ಕಪ್ಪಾಗದಂತೆ ತಡೆಯಲು ಲೆನ್ಸಿನ ಮುಂದೆ ನಕ್ಷತ್ರಾಕಾರದ ಪುಟ್ಟ ಚಕ್ರವೊಂದನ್ನು ಗಾಳಿ ಊದಿ ತಿರುಗಿಸಬೇಕಾಗಿತ್ತು!

ಅಂಗೈಯಗಲದ ಕ್ಯಾಮರಾ

ಚಿತ್ರ ಬದಲಾದದ್ದು 1925ರಲ್ಲಿ. ಜರ್ಮನಿಯ ವೆಟ್ಜ್‌ಲರ್ ಊರಿನ ಲೈಟ್ಜ್ ಕಂಪನಿಯ ಓಸ್ಕರ್ ಬರ್ನಾಕ್, ಸಿನಿಮಾದ 35 ಮಿ.ಮೀ. ಫಿಲ್ಮನ್ನು ಅಡ್ಡಲಾಗಿ ಓಡಿಸಿ 24ಕ್ಕೆ 36 ಮಿ.ಮೀ. ಅಳತೆಯ ಚಿತ್ರ ತೆಗೆಯುವ ಪುಟ್ಟ ಕ್ಯಾಮರಾ ರೂಪಿಸಿದ್ದ. ಅದೇ ಲೈಕಾ. 1930ರಲ್ಲಿ ಅದರ ಲೆನ್ಸನ್ನು ತಿರುಪಿನಂತೆ ತಿರುಗಿಸಿ ಬಿಚ್ಚಿ ಬೇರೆಯದನ್ನು ಹಾಕುವ ಅನುಕೂಲ ಬಂತು. 35 ಮಿ.ಮೀ. ಸಂಗಮ ದೂರದ ಅಗಲ ಲೆನ್ಸೂ ಜೊತೆಗೆ ಬಂತು. 1932ರಲ್ಲಿ ಲೈಕಾಕ್ಕೆ ರೇಂಜ್‌ಫೈಂಡರ್ ಸೇರಿತು. ಅದೇ ವರ್ಷ ಜೈಸ್ ಬಳಗದ ಕಾಂಟ್ಯಾಕ್ಸ್ ಪ್ರತಿಸ್ಪರ್ಧಿಯಾಗಿ ಬಂತು.

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಏರ್ಪಾಡು. ಕ್ಯಾಮರಾದ ಮುಂಭಾಗದಲ್ಲಿ ಬೇರೆ ಬೇರೆ ಕಡೆ ಎರಡು ಕಿಂಡಿ. ಎರಡರಿಂದಲೂ ಬರುವ ಬಿಂಬ ಒಂದೇ ಕಡೆ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋದಂತೆ ಎರಡು ಬಿಂಬ ಕೂಡಿ ಒಂದಾದಾಗ ಫೋಕಸ್ ಸರಿಯಾಯಿತೆಂದು ಅರ್ಥ. ನೋಡುವುದು ಬೇರೆ ಕಿಂಡಿಯಿಂದ, ಚಿತ್ರ ಬೀಳುವುದು ಲೆನ್ಸಿನಿಂದ.

ಮುಂದೆ ಜನಪ್ರಿಯವಾದ ಎಸ್‌ಎಲ್‌ಆರ್ ಕ್ಯಾಮರಾ ಹೀಗಲ್ಲ. ಅಲ್ಲಿ ಲೆನ್ಸಿನ ಹಿಂದೆ ಓರೆಯಾದ ಕನ್ನಡಿ ಇದೆ. ಅದು ಮೇಲೇಳಲು ಜಾಗ ಬೇಕು. ಆದ್ದರಿಂದ ಲೆನ್ಸ್ ಫಿಲ್ಮಿನಿಂದ ದೂರ ನಿಲ್ಲಬೇಕು. ಅಗಲ ಲೆನ್ಸಿನ ಸ್ವಭಾವವೋ ಫಿಲ್ಮಿಗೆ ಹತ್ತಿರ ಕೂರುವುದು. ಈ ತಿಕ್ಕಾಟ ಬಗೆಹರಿಸಲು ಫ್ರಾನ್ಸಿನ ಆಂಜೆನ್ಯೂ ಕಂಪನಿ 1950ರಲ್ಲಿ ‘ರೆಟ್ರೋಫೋಕಸ್’ ಎಂಬ ರಚನೆಯ ಲೆನ್ಸ್ ಮಾಡಿತು. ಮುಂದೆ ದೊಡ್ಡ ಗಾಜಿಟ್ಟು ಬೆಳಕನ್ನು ಹರಡಿ ಹಿಂದಕ್ಕೆ ತಳ್ಳುವ ಉಪಾಯ ಅದು. ಉಪಾಯ ಫಲಿಸಿತು, ಆದರೆ ಗಾಜು ಹೆಚ್ಚಿತು, ಗಾತ್ರ ಹೆಚ್ಚಿತು, ತಕ್ಕಡಿಯ ಸಮತೋಲ ತಪ್ಪಿ ಅಂಚಿನ ಗೆರೆಗಳು ಬಾಗುವ ತೊಂದರೆಯೂ ಬಂತು.

ರೇಂಜ್‌ಫೈಂಡರಿಗೆ ಕನ್ನಡಿಯ ಗೊಡವೆ ಇಲ್ಲ. ಹಳೆಯ ಸಮತೋಲದ ರಚನೆ ಅಲ್ಲಿ ಹಾಗೆಯೇ ಉಳಿಯಬಹುದು. ಪರಿಣಾಮ: ಲೆನ್ಸ್ ಚಿಕ್ಕದು, ಹಗುರ, ಗೆರೆಗಳು ನೇರ. ಗುಡಿಯ ಕಂಬ ಬಿಲ್ಲಿನಂತೆ ಬಾಗಬಾರದು ಎನ್ನುವವರಿಗೆ ಇದು ಸಣ್ಣ ಲಾಭವಲ್ಲ.

ಎಷ್ಟು ಅಗಲ ಬೇಕು?

ಲೆನ್ಸಿನ ಸಂಗಮ ದೂರ ಕಡಿಮೆಯಾದಷ್ಟೂ ನೋಟ ಅಗಲ. ಲೆಕ್ಕ ಸರಳ. ಹತ್ತು ಮೀಟರ್ ಅಗಲದ ಮಂಟಪವನ್ನು ಅಡ್ಡಲಾಗಿ ಪೂರ್ತಿ ಹಿಡಿಯಬೇಕೆಂದುಕೊಳ್ಳಿ. 50 ಮಿ.ಮೀ. ಲೆನ್ಸಾದರೆ ಸುಮಾರು 14 ಮೀಟರ್ ಹಿಂದೆ ನಿಲ್ಲಬೇಕು. 35ಕ್ಕೆ ಹತ್ತಿರ ಹತ್ತಿರ 10 ಮೀಟರ್. 28ಕ್ಕೆ 8 ಮೀಟರಿಗೂ ಒಂದಿಷ್ಟು ಕಡಿಮೆ. 21ಕ್ಕೆ 6 ಮೀಟರಿನೊಳಗೆ. ಹೀಗೆ ಲೆನ್ಸ್ ಬದಲಿಸುವುದೆಂದರೆ ಗೋಡೆಯನ್ನು ಹಿಂದಕ್ಕೆ ತಳ್ಳಿದಂತೆ.

ಹಾಗಾದರೆ ಎಲ್ಲಕ್ಕಿಂತ ಅಗಲವಾದುದೇ ಒಳ್ಳೆಯದಲ್ಲವೇ? ಇಲ್ಲಿಯೇ ಕುಬಟೂರಿನ ಕಂಬಗಳು ಪಾಠ ಹೇಳುತ್ತವೆ. ಅಗಲ ಲೆನ್ಸ್ ನೇರ ಗೆರೆಯನ್ನು ನೇರವಾಗಿಟ್ಟರೂ ದುಂಡಗಿನ ವಸ್ತುವನ್ನು ಅಂಚಿನಲ್ಲಿ ಹಿಗ್ಗಿಸುತ್ತದೆ. ಅದು ಲೆನ್ಸಿನ ದೋಷವಲ್ಲ; ಅಗಲ ನೋಟವನ್ನು ಚಪ್ಪಟೆ ಫಿಲ್ಮಿನ ಮೇಲೆ ಹರಡಿದಾಗ ಆಗುವ ಜ್ಯಾಮಿತಿಯ ಪರಿಣಾಮ. ಚೌಕ ಕಂಬವಾದರೆ ಕಣ್ಣು ಸಹಿಸಿಕೊಂಡೀತು, ತಿರುಗಣೆ ಕಂಬದಲ್ಲಿ ಎದ್ದು ಕಾಣುತ್ತದೆ. 35 ಮಿ.ಮೀ. ಲೆನ್ಸಿನ ಚಿತ್ರದ ಅಂಚಿನಲ್ಲಿ ಕಂಬ ಎಂಟನೇ ಒಂದರಷ್ಟು ದಪ್ಪಗಾಗುತ್ತದೆ. 28ರಲ್ಲಿ ಐದನೇ ಒಂದರಷ್ಟು. 21ರಲ್ಲಿ ಹೆಚ್ಚೂಕಡಿಮೆ ಮೂರನೇ ಒಂದರಷ್ಟು! ಒಂದೇ ಅಳತೆಗೆ ಕಡೆದ ಕಂಬಗಳು ನಡುವೆ ತೆಳ್ಳಗೆ, ಅಂಚಿನಲ್ಲಿ ಬೊಜ್ಜು ಬಂದಂತೆ ಕಾಣುತ್ತವೆ.

ಚಂದಕ್ಕೆ ತೆಗೆದ ಚಿತ್ರವಾದರೆ ಇದು ದೊಡ್ಡ ಮಾತಲ್ಲ. ದಾಖಲೆಯಾದರೆ ದೊಡ್ಡ ಮಾತೇ. ಚಾಲುಕ್ಯ ದೇವಾಲಯಗಳ ಕಾಲ, ಪರಂಪರೆಗಳನ್ನು ವಿದ್ವಾಂಸರು ಗುರುತಿಸುವುದು ಶಾಸನಗಳಿಂದ ಮಾತ್ರವಲ್ಲ. ಕಂಬ, ಅಧಿಷ್ಠಾನ, ಶಿಖರಗಳ ಪ್ರಮಾಣಗಳನ್ನು ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಲಿಸಿ. ಆಡಂ ಹಾರ್ಡಿ 1995ರಲ್ಲಿ ಪ್ರಕಟಿಸಿದ, ಕರ್ನಾಟ ದ್ರಾವಿಡ ಪರಂಪರೆಯ ಗ್ರಂಥ ಇಂತಹ ಹೋಲಿಕೆಯ ಮೇಲೆಯೇ ನಿಂತಿದೆ. ಪ್ರಮಾಣ ಕೆಟ್ಟ ಚಿತ್ರ ಹೋಲಿಕೆಗೆ ಬಾರದು.

ಆದ್ದರಿಂದ ಗುಡಿಗಳ ಮಟ್ಟಿಗೆ ಒಂದೇ ಅಗಲ ಲೆನ್ಸ್ ಕೊಳ್ಳುವ ಶಕ್ತಿಯಿದ್ದರೆ 28 ಮಿ.ಮೀ. ಹದವಾದದ್ದು. ಬಯಲು, ಜಾತ್ರೆ, ಬೀದಿ, ಮನುಷ್ಯರು ಹೆಚ್ಚು ಬೇಕೆನ್ನುವವರಿಗೆ 35 ಸಾಕು. 21 ಮತ್ತು ಅದಕ್ಕಿಂತ ಅಗಲದವು ಬೇರೆ ಗತಿಯಿಲ್ಲದ ಇಕ್ಕಟ್ಟಿಗೆ ಮಾತ್ರ.

ಬೆಲೆ ಗಾಜಿಗಲ್ಲ, ಬೆಳಕಿಗೆ

ಈಗ ಬೆಲೆಯ ಮಾತು. ಒಂದೇ ಸಂಗಮ ದೂರದ, ಒಂದೇ ಕಂಪನಿಯ ಎರಡು ಲೆನ್ಸುಗಳಲ್ಲಿ ಒಂದಕ್ಕೆ ಇನ್ನೊಂದರ ಹಲವು ಪಟ್ಟು ಬೆಲೆ ಇರುವುದುಂಟು. ವ್ಯತ್ಯಾಸ ಬರುವುದು ರಂಧ್ರದ ದೊಡ್ಡಸ್ತಿಕೆಯಲ್ಲಿ. ಎಫ್ 2, ಎಫ್ 2.8, ಎಫ್ 4, ಎಫ್ 5.6 ಎಂದು ಲೆನ್ಸಿನ ಮೇಲೆ ಕೊರೆದಿರುವ ಅಂಕಿಗಳು ಇದನ್ನೇ ಹೇಳುತ್ತವೆ. ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಈ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಇಳಿದಂತೆ ಬೆಳಕು ಅರ್ಧವಾಗುತ್ತದೆ. ಎಫ್ 2ಕ್ಕೆ ಹೋಲಿಸಿದರೆ ಎಫ್ 5.6ರಲ್ಲಿ ಬರುವುದು ಎಂಟನೇ ಒಂದು ಭಾಗ ಬೆಳಕು. ದೊಡ್ಡ ರಂಧ್ರಕ್ಕೆ ದೊಡ್ಡ ಗಾಜು, ಹೆಚ್ಚು ಗಾಜು, ಹೆಚ್ಚು ನಾಜೂಕಿನ ಕೆಲಸ ಬೇಕು. ಗಿರಾಕಿ ಹೆಚ್ಚು ಹಣ ಕೊಡುವುದು ಅದಕ್ಕೆ.

ಹಣ ಕೊಟ್ಟು ಕೊಳ್ಳುವ ಈ ಬೆಳಕು ಯಾರಿಗೆ ಬೇಕು? ಓಡುವ ಮಗು, ಕುಣಿಯುವ ಕಲಾವಿದ, ಸಂಜೆಯ ಬೀದಿ ತೆಗೆಯುವವರಿಗೆ. ಅವರಿಗೆ ಕ್ಷಣ ತಪ್ಪಬಾರದು. ಕಲ್ಲಿನ ಕಂಬ ಎಲ್ಲಿಗೆ ಓಡೀತು? ಒಂಬೈನೂರು ವರ್ಷ ನಿಂತದ್ದು ಇನ್ನೊಂದು ಸೆಕೆಂಡು ನಿಲ್ಲುತ್ತದೆ. 400 ವೇಗದ ಫಿಲ್ಮ್ ಹಾಕಿ, ಮಂಟಪದ ಅಂಚಿನ ನೆರಳಿನಲ್ಲಿ ಎಫ್ 5.6ಕ್ಕೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕಾಗಬಹುದು. ಒಳಗಿನ ಕತ್ತಲಿಗೆ ಹೋದರೆ ಒಂದು ಸೆಕೆಂಡು ಬೇಕಾದೀತು. ಅದೇ ಕತ್ತಲಿನಲ್ಲಿ ಎಫ್ 2 ಲೆನ್ಸಿಗೆ ಎಂಟನೇ ಒಂದು ಸೆಕೆಂಡು. ದುಬಾರಿ ಲೆನ್ಸ್ ಹಣದಲ್ಲಿ ಪಡೆಯುವುದನ್ನು ಅಗ್ಗದ ಲೆನ್ಸ್ ಸಮಯದಲ್ಲಿ ಪಡೆಯುತ್ತದೆ. ಗುಡಿಯ ಚಿತ್ರ ತೆಗೆಯುವವನ ಬಳಿ ಹಣ ಇಲ್ಲದಿದ್ದರೂ ಸಮಯ ಇರುತ್ತದೆ. ಅಗ್ಗದ ಲೆನ್ಸಿನ ಗುಟ್ಟು ಇಷ್ಟೇ.

ಇನ್ನೊಂದು ಅನುಕೂಲವೂ ಇದೆ. ಅಗಲ ಲೆನ್ಸಿನಲ್ಲಿ ಹತ್ತಿರದ್ದು, ದೂರದ್ದು ಎರಡೂ ಒಟ್ಟಿಗೆ ಸ್ಪಷ್ಟವಾಗುವ ವ್ಯಾಪ್ತಿ ದೊಡ್ಡದು. 28 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ ಇಟ್ಟು, ಫೋಕಸ್ ಬಳೆಯನ್ನು ಮೂರೂಕಾಲು ಮೀಟರಿಗೆ ನಿಲ್ಲಿಸಿದರೆ, ಸುಮಾರು ಒಂದೂಮುಕ್ಕಾಲು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. 50 ಮಿ.ಮೀ.ನಲ್ಲಿ ಇದೇ ಸ್ಪಷ್ಟತೆ ಶುರುವಾಗುವುದು ಐದು ಮೀಟರಿನಿಂದ.

ನಮ್ಮಲ್ಲಿ ಅಗಲ ಚಿತ್ರ ಏಕೆ ಕಡಿಮೆ?

ಹಳೆಯ ಆಲ್ಬಮ್ಮುಗಳಲ್ಲಿ ದೇವಾಲಯದ ಮುಂದೆ ನಿಂತ ಮನೆಮಂದಿಯ ಚಿತ್ರ ಧಾರಾಳವಾಗಿ ಸಿಗುತ್ತದೆ. ಒಳಮಂಟಪದ ಚಿತ್ರ ಅಪರೂಪ. ಕಾರಣ ಆಸಕ್ತಿಯ ಕೊರತೆಯಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶಿ ವಿನಿಮಯದ ಬಿಗಿಯಿಂದಾಗಿ ಹೊರದೇಶದ ಕ್ಯಾಮರಾಗಳ ಆಮದು ಕಷ್ಟವಾಗಿತ್ತು. ಸಾಮಾನ್ಯರ ಕೈಗೆ ಬಂದದ್ದು ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಎಂಬ ಸರಳ ಪೆಟ್ಟಿಗೆ. ಅದರ ಲೆನ್ಸ್ ಬಿಚ್ಚಲು ಬಾರದು. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನ ಫಿಲ್ಮ್, ಕಾಗದ ಒದಗಿಸಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಸ್ವಲ್ಪ ಅನುಕೂಲಸ್ಥರ ಬಳಿಯ ಯಾಶಿಕಾ ಎಲೆಕ್ಟ್ರೊ 35 ರೇಂಜ್‌ಫೈಂಡರೇ ಆದರೂ ಅದರ 45 ಮಿ.ಮೀ. ಲೆನ್ಸ್ ಕ್ಯಾಮರಾಕ್ಕೇ ಅಂಟಿಕೊಂಡದ್ದು. ಹೀಗೆ ಒಂದು ತಲೆಮಾರು ಗುಡಿಯನ್ನು ಹೊರಗಿನಿಂದಲೇ ಕಂಡಿತು.

ಅಜ್ಜನ ಅಥವಾ ಮಾವನ ಪೆಟ್ಟಿಗೆಯಲ್ಲಿ ಹಳೆಯ ರೇಂಜ್‌ಫೈಂಡರ್ ಸಿಕ್ಕಿತೆಂದು ಹಿಗ್ಗುವವರು ಮೊದಲು ನೋಡಬೇಕಾದದ್ದು ಇದನ್ನೇ: ಲೆನ್ಸ್ ಬಿಚ್ಚುತ್ತದೆಯೇ? ಬಿಚ್ಚದಿದ್ದರೆ ಮುಂದಿನ ಮಾತೇ ಇಲ್ಲ.

ತಿರುಪಿನ ಮಹಿಮೆ

ಬಿಚ್ಚುವುದಾದರೆ ಅಗ್ಗದ ದಾರಿ 39 ಮಿ.ಮೀ. ಅಗಲದ ಹಳೆಯ ಲೈಕಾ ತಿರುಪಿನದು. ಎರಡನೆಯ ಮಹಾಯುದ್ಧದ ನಂತರ ಜರ್ಮನ್ ಪೇಟೆಂಟುಗಳ ರಕ್ಷಣೆ ಹೋಯಿತು. ಜಪಾನ್, ಸೋವಿಯತ್ ಒಕ್ಕೂಟ, ಇಟಲಿ ಎಲ್ಲೆಡೆ ಅದೇ ತಿರುಪಿನ ಕ್ಯಾಮರಾ, ಲೆನ್ಸುಗಳು ತಯಾರಾದವು. ಸೋವಿಯತ್ ಒಕ್ಕೂಟ ಯುದ್ಧಕ್ಕೂ ಮುಂಚೆ, 1934ರಲ್ಲೇ, ಖಾರ್ಕೋವಿನಲ್ಲಿ ಫೆಡ್ ಎಂಬ ನಕಲನ್ನು ಆರಂಭಿಸಿತ್ತು. 1948ರಲ್ಲಿ ಜೋರ್ಕಿ ಬಂತು. ಹೀಗೆ ಒಂದೇ ತಿರುಪು ಹತ್ತಾರು ಕಂಪನಿಗಳದಾದ್ದರಿಂದ ಹಳೆಯ ಲೆನ್ಸುಗಳ ರಾಶಿ ದೊಡ್ಡದು, ಬೆಲೆಗೆ ಪೈಪೋಟಿ ಇದೆ. 1954ರಲ್ಲಿ ಲೈಕಾ ಹೊಸ ಎಂ ಜೋಡಣೆಗೆ ಹೋದಾಗಲೂ ತಿರುಪಿನ ಲೆನ್ಸನ್ನು ಕೈಬಿಡಲಿಲ್ಲ. ಒಂದು ಮಿ.ಮೀ. ದಪ್ಪದ ಬಳೆಯೊಂದನ್ನು ಸೇರಿಸಿದರೆ ಅವು ಹೊಸ ಕ್ಯಾಮರಾಕ್ಕೂ ಕೂರುತ್ತವೆ. ಎಂ ಲೆನ್ಸ್ ಮಾತ್ರ ತಿರುಪಿನ ಕ್ಯಾಮರಾಕ್ಕೆ ಕೂರದು. ಹಾಗಾಗಿ ತಿರುಪಿನ ಲೆನ್ಸಿಗೆ ಹಾಕಿದ ಹಣ ಮುಂದೆ ಕ್ಯಾಮರಾ ಬದಲಾದರೂ ಹಾಳಾಗುವುದಿಲ್ಲ.

ಈ ರಾಶಿಯಲ್ಲಿ ಬಡವರ ಬಂಧು ಎನ್ನಿಸಿಕೊಂಡದ್ದು ಸೋವಿಯತ್ತಿನ ಜುಪಿಟರ್-12, 35 ಮಿ.ಮೀ., ಎಫ್ 2.8. ಜೈಸ್ ಕಂಪನಿಯಲ್ಲಿ ಲುಡ್‌ವಿಗ್ ಬರ್ಟೆಲೆ 1930ರ ದಶಕದಲ್ಲಿ ರೂಪಿಸಿದ ಬಯೋಗಾನ್ ಇದರ ಮೂಲ. ಅದರ ಹಿಂದಿನ ಗಾಜು ಗುಂಡಗೆ ಉಬ್ಬಿ ಹೊರಚಾಚಿರುತ್ತದೆ. ಮೇಜಿನ ಮೇಲೆ ಹಾಗೇ ಇಟ್ಟರೆ ಗೀರು ಖಂಡಿತ. ಕೆಲವು ಕ್ಯಾಮರಾಗಳ ಒಳಭಾಗಕ್ಕೆ ತಾಗುವ ಅಪಾಯವೂ ಇದೆ. ಇದೇ ಹೆಸರಿನ ಲೆನ್ಸ್ ಕೀವ್ ಕ್ಯಾಮರಾದ ಬೇರೆ ಜೋಡಣೆಯಲ್ಲೂ ಬರುತ್ತದೆ. ಅದು ತಿರುಪಿಗೆ ಕೂರದು. ಅದೇ ದೇಶದ ಓರಿಯನ್-15, 28 ಮಿ.ಮೀ., ಎಫ್ 6. ಅಂಕಿ ಕೇಳಿ ಮೂಗು ಮುರಿಯುವವರೇ ಹೆಚ್ಚು. ಗುಡಿಯ ಕೆಲಸಕ್ಕೆ ಆ ಎಫ್ 6 ಅಡ್ಡಿಯೇ ಅಲ್ಲ.

ಜಪಾನಿನ ಕ್ಯಾನನ್ 1950ರ ದಶಕದಲ್ಲಿ ತಿರುಪಿನ 35 ಮತ್ತು 28 ಮಿ.ಮೀ. ಲೆನ್ಸುಗಳನ್ನು ಮಾಡಿತು. ಲೈಕಾದ ಹೆಸರಿಲ್ಲದ್ದರಿಂದ ಬೆಲೆ ಸೌಮ್ಯ. ಆದರೆ 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಎಸ್‌ಎಲ್‌ಆರ್ ಯುಗ ಶುರುವಾಗಿ, ರೇಂಜ್‌ಫೈಂಡರ್ ಲೈಕಾದಂತಹ ಕೆಲವರ ಪಾಲಿಗೆ ಉಳಿಯಿತು. ನಲವತ್ತು ವರ್ಷಗಳ ನಂತರ, 1999ರಲ್ಲಿ, ಜಪಾನಿನ ಕೊಸಿನಾ ಕಂಪನಿ ಫೋಗ್ಟ್‌ಲೆಂಡರ್ ಎಂಬ ಹಳೆಯ ಹೆಸರನ್ನು ಪಡೆದು ಅದೇ ತಿರುಪಿಗೆ 15 ಮತ್ತು 25 ಮಿ.ಮೀ.ನ ಹೊಚ್ಚ ಹೊಸ ಲೆನ್ಸುಗಳನ್ನು ತಂದದ್ದು ಅಚ್ಚರಿಯ ತಿರುವು. ಅವುಗಳಿಗೆ ರೇಂಜ್‌ಫೈಂಡರಿನ ಸಂಪರ್ಕವೇ ಇರಲಿಲ್ಲ. ದೂರವನ್ನು ಕಣ್ಣಂದಾಜಿನಲ್ಲಿ ಇಡುವುದು. ಅಗಲ ಲೆನ್ಸಿನಲ್ಲಿ ಅಷ್ಟು ಸಾಕೆಂಬ ಲೆಕ್ಕಾಚಾರ ಅದು. ಬೆಲೆ ಇಳಿದದ್ದೂ ಅದರಿಂದ. ಅವರ 21 ಮಿ.ಮೀ. ಎಫ್ 4, 28 ಮಿ.ಮೀ. ಎಫ್ 3.5 ಲೆನ್ಸುಗಳು ನಂತರ ಸೇರಿದವು. ಅವರ ಬೆಸ್ಸಾ ಕ್ಯಾಮರಾಗಳ ತಯಾರಿಕೆ 2015ರಲ್ಲಿ ನಿಂತರೂ ಈ ಲೆನ್ಸುಗಳು ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ಈಚಿನ ವರ್ಷಗಳಲ್ಲಿ ಚೀನಾದ ಕಂಪನಿಗಳೂ ಎಂ ಜೋಡಣೆಯ ಕಡಿಮೆ ಬೆಲೆಯ ಅಗಲ ಲೆನ್ಸುಗಳನ್ನು ಮಾಡುತ್ತಿವೆ.

ಕೊಳ್ಳುವ ಮುನ್ನ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಎರಡು ಬಗೆಯಲ್ಲಿ ನಿಜ. ಲೆನ್ಸಿನ ಬೆಲೆ ಮಾತ್ರ ಲೆಕ್ಕ ಹಾಕಿದರೆ ಮೋಸ ಹೋಗುವುದು ಖಚಿತ. ಫೆಡ್, ಜೋರ್ಕಿಗಳ ಕಿಂಡಿ 50 ಮಿ.ಮೀ. ನೋಟವನ್ನಷ್ಟೇ ತೋರಿಸುತ್ತದೆ. 35 ಹಾಕಿದರೂ ಅಂಚು ಎಲ್ಲಿಗೆ ಮುಗಿಯಿತೆಂದು ತಿಳಿಯದು. ಕ್ಯಾಮರಾದ ತಲೆಯ ಮೇಲೆ ಕೂರಿಸುವ ಪ್ರತ್ಯೇಕ ವ್ಯೂಫೈಂಡರ್ ಬೇಕು. ಕೆಲವೊಮ್ಮೆ ಅದರ ಬೆಲೆ ಲೆನ್ಸಿಗೆ ಸಮನಾಗುತ್ತದೆ. ಲೆನ್ಸ್ ಮತ್ತು ಕಿಂಡಿ ಎರಡನ್ನೂ ಕೂಡಿಸಿಯೇ ಬೆಲೆ ಕಟ್ಟಬೇಕು.

ಎರಡನೆಯ ಎಚ್ಚರ: ಆರಂಭದ ಜೆನಿಟ್ ಎಸ್‌ಎಲ್‌ಆರ್ ಲೆನ್ಸುಗಳಿಗೂ ಇದೇ 39 ಮಿ.ಮೀ. ತಿರುಪು. ಕೂರುತ್ತದೆ, ಆದರೆ ಕನ್ನಡಿಯ ಲೆಕ್ಕದಲ್ಲಿ ಮಾಡಿದ್ದರಿಂದ ರೇಂಜ್‌ಫೈಂಡರಿನಲ್ಲಿ ಫೋಕಸ್ ಸಿಗುವುದಿಲ್ಲ.

ಮೂರನೆಯದು ನಮ್ಮ ಮಲೆನಾಡಿನ ಸೆರಗಿನವರಿಗೇ ವಿಶೇಷವಾಗಿ ಹೇಳಬೇಕಾದದ್ದು: ಬೂಷ್ಟು. ಮಳೆಗಾಲದ ತೇವಕ್ಕೆ ಗಾಜಿನ ಒಳಗೆ ಜೇಡರ ಬಲೆಯಂತೆ ಅದು ಹಬ್ಬುತ್ತದೆ. ಕೊಳ್ಳುವಾಗ ರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಬೇಕು. ಸಣ್ಣ ಗೀರು ಚಿತ್ರ ಕೆಡಿಸುವುದು ಅಪರೂಪ. ಬೂಷ್ಟು ಮತ್ತು ಮಂಜು ಕವಿದಂತಹ ಮಬ್ಬು ಕೆಡಿಸುತ್ತವೆ. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು.

ಮಟ್ಟಸ ಕೈ, ಕಲ್ಲಿನ ಜಗಲಿ

ಲೆನ್ಸ್ ಬಂದ ಮೇಲೆ ಉಳಿಯುವುದು ಕೈಯ ಶಿಸ್ತು. ಶಿಖರ ಪೂರ್ತಿ ಬರಲೆಂದು ಕ್ಯಾಮರಾವನ್ನು ಮೇಲಕ್ಕೆ ಓರೆ ಮಾಡಿದರೆ ಗುಡಿ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಹಳೆಯ ಮರದ ಕ್ಯಾಮರಾಗಳಲ್ಲಿ ಪೆಟ್ಟಿಗೆಯನ್ನು ಮಟ್ಟಸವಾಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುವ ಏರ್ಪಾಡಿತ್ತು. ಪುಟ್ಟ ಕ್ಯಾಮರಾದಲ್ಲಿ ಅದಿಲ್ಲ. ಕ್ಯಾಮರಾವನ್ನು ನೆಟ್ಟಗೆ ಹಿಡಿದು, ಕೆಳಗೆ ಬೀಳುವ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸುವುದೇ ದಾರಿ.

ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿ ಬಳಸಲು ಮುಂಚಿತ ಅನುಮತಿ ಬೇಕು. ಹಾಗಿದ್ದರೆ ಒಂದು ಸೆಕೆಂಡು ಕೈ ನಡುಗದಂತೆ ಹಿಡಿಯುವುದು ಹೇಗೆ? ಉತ್ತರವನ್ನು ಚಾಲುಕ್ಯರ ಶಿಲ್ಪಿಗಳೇ ಇಟ್ಟುಹೋಗಿದ್ದಾರೆ. ಅವರ ತೆರೆದ ಮಂಟಪಗಳ ಅಂಚಿನಲ್ಲಿ ಕೂರಲು ಕಲ್ಲಿನ ಜಗಲಿ ಇರುತ್ತದೆ, ಕಕ್ಷಾಸನವೆಂದು ಅದರ ಹೆಸರು. ಕೆತ್ತನೆಗೆ ಗೀರು ಬೀಳದಂತೆ ಮಡಿಸಿದ ಟವಲ್ ಹಾಸಿ ಅದರ ಮೇಲೆ ಕ್ಯಾಮರಾ ಇಟ್ಟು ಗುಂಡಿ ಒತ್ತಿದರೆ ಮುಕ್ಕಾಲಿಯ ಹಂಗಿಲ್ಲ. ಬಡಿಯುವ ಕನ್ನಡಿ ಇಲ್ಲದ ಕಾರಣ ರೇಂಜ್‌ಫೈಂಡರ್ ಅದುರುವುದೂ ಕಡಿಮೆ.

ಕಲ್ಲು ಒಂದು ಸೆಕೆಂಡು ಕಾಯುತ್ತದೆ ನಿಜ, ಎಂದೆಂದಿಗೂ ಅಲ್ಲ. ಮಳೆ, ಪಾಚಿ, ಕೈಗಳ ಒರಸುವಿಕೆ ಪ್ರತಿ ವರ್ಷ ಒಂದಿಷ್ಟು ನವಿರನ್ನು ಕೊಂಡೊಯ್ಯುತ್ತವೆ. ದೊಡ್ಡ ಗುಡಿಗಳಿಗೆ ಇಲಾಖೆಯ ಕಾವಲಿದೆ. ಬಯಲಲ್ಲಿ ನಿಂತ ವೀರಗಲ್ಲು, ಕೆರೆ ಏರಿಯ ಮೇಲಿನ ಮಾಸ್ತಿಕಲ್ಲು, ಹೆಸರಿಲ್ಲದ ಪಾಳುಗುಡಿಗಳಿಗೆ ಅದೂ ಇಲ್ಲ. ಅವುಗಳ ಮುಂದೆ ಒಮ್ಮೆ ನಿಂತು, ಮಟ್ಟಸವಾಗಿ, ಪ್ರಮಾಣ ಕೆಡದಂತೆ ಒಂದು ಚಿತ್ರ ತೆಗೆದಿಡಲು ದುಬಾರಿ ಬೆಳಕು ಬೇಕಿಲ್ಲ. ಎಫ್ 6 ಸಾಕು.